ತಕ್ಕಡಿಯ ಮೇಲಿನ ಮೊದಲ ಕ್ಯಾನು

ಪಾಂಡವಪುರದಲ್ಲಿ ನನ್ನದೊಂದು ರಿಪೇರಿ ಅಂಗಡಿಯಿದೆ. ಸುತ್ತಮುತ್ತಲ ಡೇರಿಗಳಲ್ಲಿ ಹಾಲಿನ ಫ್ಯಾಟ್ ನೋಡುವ ಮಿಷಿನ್ನು ಕೆಟ್ಟರೆ ನನ್ನ ಹತ್ತಿರ ಬರುತ್ತದೆ. ನಾಗಮಂಗಲದ ಕಡೆಯ ಒಂದು ಡೇರಿಯ ಮಿಷಿನ್ನಿನಲ್ಲಿ ಬೋರ್ಡಿನ ಮೇಲಿನ ಚಿಪ್ಪು ಸುಟ್ಟುಹೋಗಿತ್ತು. ಅಂಥದ್ದೇ ಎಲ್ಲೂ ಸಿಗದೆ, ಅದೇ ಬಳಗದ ಹೊಸ ಚಿಪ್ಪು ಹಾಕಿ ಕೊಟ್ಟೆ. ದಾಯಾದಿಗಳಾದ ಮಾತ್ರಕ್ಕೆ ಗುಣ ಒಂದೇ ಆಗಿರುತ್ತದೆಯೇ?

ಅಂಗಡಿಯಲ್ಲಿ ಚೆನ್ನಾಗಿದ್ದ ಮಿಷಿನ್ನು ಡೇರಿಯಲ್ಲಿ ಬೆಳಿಗ್ಗೆ ಏಳಲೇ ಇಲ್ಲವಂತೆ. ನಾನು ಹೋಗಿ ಸ್ವಿಚ್ಚು ಹಾಕಿದರೆ ಏನೂ ಆಗದವರ ಹಾಗೆ ಎದ್ದಿತು. ಬೈದುಕೊಂಡು ವಾಪಸು ಬಂದೆ. ಕೆಲವು ದಿನ ಕಳೆದು ಡೇರಿ ನೋಡಿಕೊಳ್ಳುವ ಹೆಂಗಸು ಫೋನು ಮಾಡಿ, ನೀವು ಬರುವುದು ಬೇಡ, ಕಾರಣ ಸಿಕ್ಕಿತು ಅಂದರು.

ಆ ಡೇರಿಯಲ್ಲಿ ಒಂದು ರೂಢಿ. ಬಾಗಿಲು ತೆಗೆದು, ದೇವರ ಪಟಕ್ಕೆ ದೀಪ ಹಚ್ಚಿ, ಆಮೇಲೆ ಮಿಷಿನ್ನಿನ ಸ್ವಿಚ್ಚು ಹಾಕುತ್ತಾರೆ. ಅಷ್ಟರೊಳಗೆ ಮೊದಲು ಬಂದವರು ತಮ್ಮ ಕ್ಯಾನನ್ನು ತಕ್ಕಡಿಯ ಮೇಲಿಟ್ಟು ಸರದಿ ಹಿಡಿಯುತ್ತಾರೆ. ಯಾವಾಗಲೂ ಮೊದಲು ಬರುತ್ತಿದ್ದವರು ಒಂದೇ ಹಸು ಸಾಕಿಕೊಂಡಿದ್ದ ಒಬ್ಬ ವಯಸ್ಸಾದ ಹೆಂಗಸು. ಅವರ ಕ್ಯಾನು ಇದ್ದರೆ ಮಿಷಿನ್ನು ಏಳುವುದಿಲ್ಲ, ಇಳಿಸಿದರೆ ಏಳುತ್ತದೆ. ಅವರ ಕೈಗುಣ ಸರಿಯಿಲ್ಲ ಎಂದು ಊರು ತೀರ್ಮಾನಿಸಿ, ಎಲ್ಲರದೂ ಆದ ಮೇಲೆ ಕೊನೆಗೆ ಬಾ ಅಂದಿತ್ತು. ಅಂದಿನಿಂದ ಹೆದರಿ ಬೇರೆ ಯಾರೂ ಮೊದಲೇ ಕ್ಯಾನು ಇಡಲಿಲ್ಲ, ಮಿಷಿನ್ನೂ ಕೈಕೊಡಲಿಲ್ಲ. ಇನ್ನೇನು ಬೇಕು ಸಾಕ್ಷಿ? ಪಕ್ಕದೂರಿನ ಡೇರಿಗೆ ಹಾಕಿಕೊಳ್ಳಲಿ ಎಂದೂ ಯಾರೋ ಅಂದರಂತೆ.

ಕೇಳಿ ನನಗೆ ಮೈಯುರಿಯಿತು. ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಡೇರಿಯಲ್ಲಿ ಒಂದು ಬಕೆಟ್ಟು ನೀರು ತಂದು ನಾನೇ ತಕ್ಕಡಿಯ ಮೇಲಿಟ್ಟು ಸ್ವಿಚ್ಚು ಹಾಕಿದೆ. ಏಳಲಿಲ್ಲ.

ಚಿಪ್ಪಿಗೆ ಕರೆಂಟು ಬಂದೊಡನೆ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮು. ಹೊಸ ಪ್ರೋಗ್ರಾಮು ಹಾಕಲು ಯಾರಾದರೂ ಬಂದಿದ್ದಾರೆಯೇ ಎಂದು ಅದು ಒಂದು ಗಳಿಗೆ ಕಿವಿಗೊಡುತ್ತದೆ, ಯಾರೂ ಇಲ್ಲದಿದ್ದರೆ ಮಿಷಿನ್ನನ್ನು ಕೆಲಸಕ್ಕೆ ಹಚ್ಚುತ್ತದೆ. ತೂಕ ತಿಳಿಸಲು ತಕ್ಕಡಿಯಿಂದ ಮಿಷಿನ್ನಿಗೊಂದು ವಯರಿದೆ. ಹಳೆಯ ಚಿಪ್ಪು ಏಳುವಾಗ ಆ ವಯರಿಗೆ ಕಿವಿ ಕೊಡುತ್ತಿರಲಿಲ್ಲ, ಹೊಸದು ಎಲ್ಲ ವಯರಿಗೂ ಕೊಡುತ್ತದೆ. ಬ್ಯಾಟರಿಯಿರುವ ತಕ್ಕಡಿ, ಮೇಲೆ ಭಾರ ಬಿದ್ದರೆ ಸಾಕು, ತೂಕ ಒದರುತ್ತಲೇ ಇರುತ್ತದೆ. ಅದನ್ನೇ ಹೊಸ ಪ್ರೋಗ್ರಾಮು ಅಂದುಕೊಂಡು ಬೂಟ್‌ಲೋಡರ್ ಕಾಯುತ್ತ ಕೂತುಬಿಡುತ್ತಿತ್ತು. ಬೋರ್ಡಿನ ಗುಂಡಿ ಒತ್ತಿದಾಗ ಮಾತ್ರ ಕಿವಿಗೊಡು ಎಂದು ಸೆಟ್ಟಿಂಗು ಬದಲಿಸಿದೆ.

ಸಂಜೆ ಹಾಲಿನ ಹೊತ್ತಿಗೆ ಆ ವಯಸ್ಸಾದ ಹೆಂಗಸು ಎಲ್ಲರಿಗಿಂತ ಹಿಂದೆ, ಬಾಗಿಲಾಚೆ ನಿಂತಿದ್ದರು. ಮೊದಲು ನೀವೇ ಇಡಿ ಎಂದು ಕರೆದೆ.

"ಬ್ಯಾಡ ಕಣಪ್ಪ. ನನ್ ಕೈಗುಣ ನೆಟ್ಗಿಲ್ಲ" ಅಂದರು. ಊರವರು ಅಂದದ್ದಕ್ಕಿಂತ ಅವರೇ ಹೀಗೆ ಅಂದದ್ದು ನನಗೆ ಹೆಚ್ಚು ಸಂಕಟ ತಂದಿತು.

ಒತ್ತಾಯ ಮಾಡಿ ಇಡಿಸಿ, ಸ್ವಿಚ್ಚು ಹಾಕಿಸಿದೆ. ಮಿಷಿನ್ನು ಎದ್ದಿತು. ಡೇರಿಯ ಹೆಂಗಸು, ರಿಪೇರಿ ಆಯಿತಲ್ಲ, ಸದ್ಯ, ಎಂದು ಮುಂದಿನವರನ್ನು ಕರೆದರು. ಸಾಲು ಜರುಗಿತು, ಹರಟೆ ಶುರುವಾಯಿತು. ಯಾರೂ ಇವರ ಕಡೆ ನೋಡಲಿಲ್ಲ.

ಖಾಲಿ ಕ್ಯಾನು ಹಿಡಿದು ಅವರು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ಅಂಗಾರೆ ನನ್ ಕೈಯಿಂದ ಅಲ್ವಾ?"

"ಅಲ್ಲ ಕಣವ್ವ. ನಾನು ಹಾಕಿದ ಚಿಪ್ಪಿಂದ."

ಅವರು ಸಾಲಿನ ಕಡೆ ನೋಡಿದರು.

"ಇದ್ನ ಒಸಿ ಜೋರಾಗಿ ಯೋಳಪ್ಪ, ಅವ್ರಿಗೆಲ್ಲ ಕೇಳಂಗೆ."