ಐಸಿನ ಪೆಟ್ಟಿಗೆಯ ಕಾವಲು

ಅವತ್ತು ನನಗೆ ಒಪ್ಪಿಸಿದ್ದ ಕೆಲಸ ಒಂದೇ. ಒಂದು ಪೆಟ್ಟಿಗೆಯ ಮುಚ್ಚಳವನ್ನು ತೆಗೆಯದೆ ಇರುವುದು. ಯೋಚಿಸಿ ನೋಡಿದರೆ ಅದು ಕೆಲಸವೇ ಅಲ್ಲ. ಸುಮ್ಮನೆ ಕೂತವರು ಮಾಡಬಹುದು, ಮಲಗಿ ಗೊರಕೆ ಹೊಡೆಯುವವರು ಇನ್ನೂ ಚೆನ್ನಾಗಿ ಮಾಡಬಹುದು. ನನ್ನ ಕೈಯಲ್ಲಿ ಅದೂ ಆಗಲಿಲ್ಲ. ಆಗಲಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದು ತಡವಾಯಿತು ಅನ್ನುವುದಕ್ಕೆ ಅದನ್ನು ನೆಪ ಮಾಡಬಹುದು. ಬಾಯಿಬಿಟ್ಟು ಹೇಳುವುದಕ್ಕೆ ಯಾವ ಕ್ಲಾಸೂ ಬೇಕಿರಲಿಲ್ಲವಲ್ಲ.

ಹೋದ ಭಾನುವಾರ ಅಣ್ಣನ ಮನೆಗೆ ಊಟಕ್ಕೆ ಕರೆದಿದ್ದರು. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಇದ್ದಿಲ ಕೆಂಡದ ಮೇಲೆ ಮಾಂಸದ ಕೊಬ್ಬು ತೊಟ್ಟಿಕ್ಕುವ ವಾಸನೆ ಬಡಿಯಿತು. ತಾರಸಿಯ ಮೇಲೆ ಅಣ್ಣನ ಮೊಮ್ಮಗಳು ನಸ್ರೀನ್ ಕಬ್ಬಿಣದ ಒಲೆ ಹೂಡಿಕೊಂಡು ಬರ್ಗರ್ ಮಾಡುತ್ತಿದ್ದಳು. ಅಂಗಡಿಯಿಂದ ತಂದ ಪಾಕೀಟಿನಲ್ಲಿ ದುಂಡಗಿನ ಕೈಮಾ ಬಿಲ್ಲೆಗಳು, ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಅವಳು ಪಾಕೀಟನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು: "ಕರಗಿಸಬೇಡಿ, ನೇರವಾಗಿ ಕಾವಿಗೆ ಇಡಿ ಅಂತ ಬರೆದಿದಾರೆ ದಾದಾ."

ಕುರ್ಚಿಯಲ್ಲಿ ಕೂತಿದ್ದ ಅಣ್ಣ, ಎಂಬತ್ತು ದಾಟಿದ ಮನುಷ್ಯ, ತುಸು ಜಂಬದಿಂದ ಹೇಳಿದ: "ಅದನ್ನ ಪಾಕೀಟು ಹೇಳಬೇಕೇನಮ್ಮಾ? ನಾನು ನಿಮ್ಮಪ್ಪ ಹುಟ್ಟೋಕೂ ಮುಂಚೆಯಿಂದ ಹೇಳ್ತಿದೀನಿ."

ನಿಜ. ಹೇಳಿದ್ದ. ಕೇಳಿಸಿಕೊಂಡವಳು ನಾನು.

ಆಗ ನಾವು ನೆಲಮಂಗಲದಲ್ಲಿದ್ದೆವು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂದದ್ದು ಮರ್ಯಾದೆಗೆ. ಏರು ಬಂದರೆ ಜನ ಇಳಿದು ನಡೆಯುತ್ತಿದ್ದರು, ಬಸ್ಸು ಹಿಂದಿನಿಂದ ಬರುತ್ತಿತ್ತು. ತುಮಕೂರು ರಸ್ತೆಯ ಮಿಲಿಟರಿ ಲಾರಿಗಳನ್ನು ನೋಡಿಕೊಳ್ಳುವ ಒಬ್ಬ ಬಿಳಿಯ ದೊರೆ ಊರಾಚೆಯ ಬಂಗಲೆಯಲ್ಲಿ ಇಳಿದಿದ್ದ. ಅವನ ಅಡುಗೆಯವನು ನಮ್ಮಣ್ಣ. ನಾವು ಅವನನ್ನು ಭಾಯ್ ಎನ್ನುತ್ತಿದ್ದೆವು. ಮನೆಮಾತು ಉರ್ದು, ಆದರೆ ನನಗೆ ಬರೆಯಲು ಕಲಿಸಿದ್ದು ಕನ್ನಡ ಶಾಲೆ. ಹಾಗಾಗಿ ಎಲ್ಲರ ಬಾಯಲ್ಲೂ ಕನ್ನಡವನ್ನೇ ಆಡಿಸುತ್ತಿದ್ದೇನೆ.

ಭಾಯ್ ಕಡ್ಡಿಯಂಥ ಮನುಷ್ಯ. ಒಲೆಯ ಮುಂದೆ ನಿಂತರೆ ಮಾತ್ರ ಅಮಲ್ದಾರರ ಗತ್ತು. ಒಂದು ದಿನ ಬಂಗಲೆಯಿಂದ ಬಂದವನೇ ಹೇಳಿದ: "ಅಮ್ಮಿ, ದಂಡಿನ ಮೆಸ್ಸಿನ ದೊಡ್ಡ ದೊರೆ ನಮ್ಮ ದೊರೆ ಹತ್ರ ಊಟಕ್ಕೆ ಬರ್ತಾನಂತೆ. ಕೈರುಚಿ ಹಿಡಿಸಿದರೆ ನನ್ನ ಅಲ್ಲಿಗೇ ಕರ್ಕೊಂಡು ಹೋಗ್ತಾನಂತೆ." ದಂಡು ಎಂದರೆ ಬೆಂಗಳೂರಿನ ಕಂಟೋನ್ಮೆಂಟು. ಅಲ್ಲಿನ ಮೆಸ್ಸಿನ ಕೆಲಸವೆಂದರೆ ಬಿಳಿ ಕೋಟು, ಇರಲು ಕೋಣೆ, ಕೈಕೆಳಗೆ ಪಾತ್ರೆ ತೊಳೆಯುವವರು. ಅಪ್ಪ ತೀರಿಹೋಗಿದ್ದ ನಮ್ಮ ಮನೆಗೆ ಅದು ಎಷ್ಟು ದೊಡ್ಡದೆಂದು ನಾನು ಹೇಳಬೇಕಿಲ್ಲ. ಅಮ್ಮಿ ಆಗಲೇ ಸೊಸೆ ಹುಡುಕಲು ಶುರುಮಾಡಿದಳು.

ಬರುವ ದೊರೆಗೆ ಇಷ್ಟವಾದ ತಿಂಡಿ ಒಂದೇ. ಕೈಮಾವನ್ನು ಬಿಲ್ಲೆ ಮಾಡಿ, ಐಸಿನಲ್ಲಿ ಕಲ್ಲಾಗಿಸಿ, ಸರಳುಗಳ ಮೇಲೆ ಸುಟ್ಟು ಬನ್ನಿನ ನಡುವೆ ಇಡುವುದು. ಬಿಲ್ಲೆಗಳು ದಂಡಿನ ಐಸ್ ಕಾರ್ಖಾನೆಯಿಂದ ಬರಬೇಕು. ಭಾಯ್ ದಂಡಿಗೆ ಹೋಗಿ ಅಲ್ಲಿನ ಒಬ್ಬ ಹಳೆಯ ಬಟ್ಲರನಿಂದ ಅದರ ವಿದ್ಯೆ ಕಲಿತು ಬಂದ. ಬಂದವನು ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಹಳೇ ಕಿಟಕಿಯ ಸರಳು ಹಾಸಿ, ನಮಗೆಲ್ಲ ಪಾಠ ಮಾಡಿದ. ಮುನ್ನಿ ಎಂದರೆ ನಾನೇ.

"ನೋಡು ಮುನ್ನಿ, ಕೆಂಡ ಒಂದು ಕಡೆ ದಪ್ಪಗೆ, ಒಂದು ಕಡೆ ತೆಳ್ಳಗೆ ಹರಡಬೇಕು. ಮೇಲೆ ಬಿಳಿ ಬೂದಿ ಬರೋವರೆಗೂ ಕೈ ಹಾಕಬಾರದು. ಬಿಲ್ಲೇನ ಐಸಿಂದ ತೆಗೆದು ಸೀದಾ ಬೆಂಕಿಗೆ. ಮಧ್ಯ ಎಲ್ಲೂ ನಿಲ್ಲಂಗಿಲ್ಲ."

"ಗಟ್ಟಿಯಾಗಿದ್ರೆ ಬೇಯುತ್ತಾ ಭಾಯ್?"

"ಅದಕ್ಕೇ ಎರಡು ಕಾವು. ಮೊದಲು ಜೋರು ಕಾವಲ್ಲಿ ಎರಡೂ ಮಗ್ಗುಲು ಕೆಂಪಾಗಬೇಕು. ಆಮೇಲೆ ಮೆತ್ತನೆ ಕಾವಿಗೆ ಸರಿಸಿ, ಮೇಲೆ ಬೋಗುಣಿ ಕವುಚಬೇಕು. ಒಳಗಿನ ಐಸು ನಿಧಾನಕ್ಕೆ ಬಿಡಬೇಕಲ್ಲ, ಅವಸರ ಮಾಡಿದ್ರೆ ಹೊರಗೆ ಕರಿ, ಒಳಗೆ ಹಸಿ. ಸಟ್ಟುಗದಲ್ಲಿ ಒತ್ತಬಾರದು. ಒತ್ತಿದ್ರೆ ರಸ ಎಲ್ಲ ಬೆಂಕಿಗೆ ಹೋಗುತ್ತೆ, ದೊರೆಗೆ ಚಕ್ಕೆ ಉಳಿಯುತ್ತೆ. ಕೊನೆಗೆ ದಪ್ಪ ಇರೋದನ್ನ ಒಂದು ಮುರಿದು ನೋಡು, ನಡುವೆ ಕೆಂಪು ಒಂಚೂರೂ ಇರಬಾರದು. ಹಸಿ ಇಟ್ಟ ತಟ್ಟೇಲಿ ಬೆಂದಿದ್ದು ಇಡಬಾರದು."

ಅಭ್ಯಾಸಕ್ಕೆ ಮಾಂಸ ಎಲ್ಲಿಂದ ತರುವುದು? ರಾಗಿ ಹಿಟ್ಟು ಕಲಸಿ ಬಿಲ್ಲೆ ತಟ್ಟಿ ಸುಡುತ್ತಿದ್ದ. ರಂಜಾನ್ ತಿಂಗಳು. ಸೂರ್ಯ ಹುಟ್ಟುವ ಮುಂಚೆ ಉಪವಾಸಕ್ಕೆಂದು ನಾವು ಉಣ್ಣುವ ಊಟಕ್ಕೆ ದಿನವೂ ಅದೇ ಬಿಲ್ಲೆ. ಅಮ್ಮಿ ದವಡೆ ಹಿಡಿದುಕೊಂಡು ಹೇಳುತ್ತಿದ್ದಳು: "ಈ ಹುಡುಗನಿಗೆ ಕೆಲಸ ಸಿಗೋಷ್ಟರಲ್ಲಿ ನಮ್ಮ ಹಲ್ಲು ಸಿಗಲ್ಲ."

ಆ ದಿನ ಬಂತು. ಭಾಯ್ ಬೆಳಿಗ್ಗೆಯೇ ದಂಡಿಗೆ ಹೋಗಿ, ಇದ್ದಿಲ ಬಸ್ಸಿನ ನೆತ್ತಿಯ ಮೇಲೆ ಪೆಟ್ಟಿಗೆ ಹೇರಿಸಿಕೊಂಡು ಬಂದ. ಮರದ ಪೆಟ್ಟಿಗೆ, ಒಳಗೆ ತಗಡು, ಐಸಿನ ಗಟ್ಟಿಗಳ ನಡುವೆ ಬಿಲ್ಲೆಗಳ ಡಬ್ಬಿ, ಸುತ್ತ ಮರದ ಹೊಟ್ಟು, ಮೇಲೆ ಗೋಣಿ, ಹಗ್ಗ. ಕಾರ್ಖಾನೆಯವರು ಕಟ್ಟಿಕೊಡುತ್ತೇವೆ ಎಂದರೂ ಬಿಡದೆ ತಾನೇ ಕಟ್ಟಿದ್ದನಂತೆ. ಬಂಗಲೆಯ ಅಡುಗೆಮನೆ ತಗಡಿನ ಸೂರಿನದು, ಕಾದ ಹಂಚು. ಆದ್ದರಿಂದ ಪೆಟ್ಟಿಗೆಯನ್ನು ನಮ್ಮ ಮನೆಯ ಕಲ್ಲು ಹಾಸಿನ ಕೋಣೆಯಲ್ಲಿ ಇಳಿಸಿ ಹೇಳಿದ: "ಮುನ್ನಿ, ಸಂಜೆ ಗಾಡಿ ಕಳಿಸ್ತೀನಿ. ಅಲ್ಲೀವರೆಗೂ ಮುಚ್ಚಳ ತೆಗೀಬೇಡ. ಅಲ್ಲಾ ಬಂದು ಕೇಳಿದ್ರೂ ತೆಗೀಬೇಡ."

ಅಲ್ಲಾ ಬರಲಿಲ್ಲ. ಪಕ್ಕದ ಮನೆಯ ಖಾಲಾ ಬಂದಳು.

ಓದುವ ನೀವು ಫ್ರಿಜ್ಜಿನ ಕಾಲದವರು. ನಮ್ಮ ಬೀದಿಯಲ್ಲಿ ಐಸನ್ನು ಮುಟ್ಟಿದವರು ಇಬ್ಬರೋ ಮೂವರೋ. ಮುಟ್ಟಿದವರು ಆ ಹೆಗ್ಗಳಿಕೆಯ ಮೇಲೆ ವರ್ಷಗಟ್ಟಲೆ ಬದುಕುತ್ತಿದ್ದರು. ಅವತ್ತು ಮಳೆ ಬಿಟ್ಟು ಸುಡುವ ಬಿಸಿಲು. ಎಲ್ಲರಿಗೂ ಉಪವಾಸ, ನಾಲಗೆ ಚರ್ಮದ ಚಪ್ಪಲಿ. ಖಾಲಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು.

"ಬೇಟಿ, ಹೊರಗೇ ಇಷ್ಟು ತಣ್ಣಗಿದೆ. ಸಂಜೆ ಶರಬತ್ತಿಗೆ ಒಂದು ಚೂರು ಬಿದ್ರೆ! ಉಪವಾಸ ಇದ್ದವರ ಬಾಯಿ ತಣ್ಣಗೆ ಮಾಡಿದೋರಿಗೆ ಎಷ್ಟು ಸವಾಬು ಗೊತ್ತಾ?"

ಸವಾಬು ಅಂದರೆ ಪುಣ್ಯ. ನನಗೆ ಹದಿಮೂರು. ಪುಣ್ಯದ ಆಸೆ ಜಾಸ್ತಿ, ಲೆಕ್ಕ ಕಡಿಮೆ. ಒಂದು ಚೂರು ತಾನೆ? ಹಗ್ಗ ಬಿಚ್ಚಿದೆ. ಒನಕೆಯಲ್ಲಿ ಕುಟ್ಟಿ ಒಂದು ತುಂಡು ಕೊಟ್ಟೆ. ಖಾಲಾ ಅದನ್ನು ಸೆರಗಿನಲ್ಲಿ ಮಗುವಿನಂತೆ ಹೊತ್ತುಕೊಂಡು ಹೋದಳು, ಬೀದಿಯುದ್ದಕ್ಕೂ ತೋರಿಸುತ್ತ ಹೋದಳು. ಅಲ್ಲಿಂದ ಮುಂದೆ ನಮ್ಮ ಬಾಗಿಲಲ್ಲಿ ಚೆಂಬು, ತಪ್ಪಲೆ, ಲೋಟಗಳ ಸಾಲು. ಎಲ್ಲರದ್ದೂ ಒಂದೇ ಮಾತು, ಒಂದೇ ಚೂರು.

ಎದುರುಮನೆಯ ಹೂ ಮಾರುವ ಗೌರಮ್ಮನೂ ಬಂದಳು. "ನಿಮ್ಮದು ಉಪವಾಸ ಇಲ್ವಲ್ಲ ಗೌರಮ್ಮ" ಅಂದೆ. "ಉಪವಾಸ ಇಲ್ಲ ಮಗಾ, ಆದ್ರೆ ನಾಲಗೆ ಇದೆಯಲ್ಲ?" ಅಂದಳು. ಅವಳಿಗೂ ಕೊಟ್ಟೆ. ಅಮ್ಮಿ ನಮಾಜು ಮುಗಿಸಿ ಎದ್ದು ಬಂದವಳು ಬೈಯಬೇಕಿತ್ತು. ನಮ್ಮ ಮನೆಯ ಶರಬತ್ತಿನ ಮಡಕೆಯನ್ನೇ ತಂದು ಮುಂದಿಟ್ಟು, "ಊರಿಗೆಲ್ಲ ಕೊಟ್ಟು ಮನೆಗೇ ಇಲ್ವಾ?" ಅಂದಳು. ಇಷ್ಟಾದರೂ ನಾನು ಸೂರ್ಯ ಮುಳುಗುವ ಮುಂಚೆ ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ. ಅಣ್ಣನ ಕೆಲಸವನ್ನು ಚೂರು ಚೂರು ಮಾಡಿ ಹಂಚಿದೆ, ಉಪವಾಸವನ್ನು ಮಾತ್ರ ಕಟ್ಟುನಿಟ್ಟಾಗಿ ಕಾಪಾಡಿಕೊಂಡೆ. ಇದರ ಬಗ್ಗೆ ಬಹಳ ದಿನ ನನಗೆ ಹೆಮ್ಮೆಯೂ ಇತ್ತು.

ಗಾಡಿ ಬಂದಾಗ ಪೆಟ್ಟಿಗೆಯಲ್ಲಿ ಉಳಿದಿದ್ದು ನೀರು, ಹೊಟ್ಟು, ಡಬ್ಬಿ. ಹೊಟ್ಟನ್ನು ಒತ್ತಿ, ಗೋಣಿ ಸುತ್ತಿ, ಹಗ್ಗ ಬಿಗಿದೆ. ಬನ್ನಿನ ಬುಟ್ಟಿ ಹಿಡಿದು ನಾನೂ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಪೆಟ್ಟಿಗೆಯೊಳಗೆ ಗುಳುಗುಳು ಸದ್ದು. ಗಾಡಿಯವನು ತಿರುಗಿ ನೋಡಿದ. ನಾನು ಹೊಟ್ಟೆ ಹಿಡಿದುಕೊಂಡು, ಅದು ನನ್ನ ಹೊಟ್ಟೆಯದೇ ಸದ್ದು ಅನ್ನುವ ಹಾಗೆ ಕೂತೆ.

ಬಂಗಲೆಯ ಹಿಂದೆ ಕೆಂಡ ಬಿಳಿಯ ಬೂದಿ ಹೊದ್ದು ತಯಾರಾಗಿತ್ತು. ಮುಂದಿನ ಜಗಲಿಯಲ್ಲಿ ಇಬ್ಬರು ದೊರೆಗಳು ನಗುತ್ತ ಕೂತಿದ್ದರು. ಭಾಯ್ ಹಗ್ಗ ಬಿಚ್ಚಿ ಡಬ್ಬಿ ತೆರೆದ. ಬೆರಳಿಂದ ಒಂದು ಬಿಲ್ಲೆ ಮುಟ್ಟಿದ. ಬೆರಳು ಒಳಗೆ ಹೋಯಿತು. ನಂಬಲಾಗದೆ ಅದನ್ನೆತ್ತಿ ಸರಳಿನ ಮೇಲೆ ಇಟ್ಟ. ಬಿಲ್ಲೆ ಅಲ್ಲಿ ಒಂದು ಗಳಿಗೆ ಕೂತು, ಮೆಲ್ಲಗೆ ಸರಳುಗಳ ಸಂದಿಯಲ್ಲಿ ಜಾರಿ ಕೆಂಡಕ್ಕೆ ಬಿತ್ತು. ಬೆಂಕಿ ಭುಗ್ಗೆಂದು ಎದ್ದು ಅವನ ಹುಬ್ಬಿನ ತುದಿ ಸುಟ್ಟಿತು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಬಂಗಲೆಯ ಮುದುಕ ಕಾವಲುಗಾರ ಬಗ್ಗಿ ಮೂಸಿ ಹೇಳಿದ: "ವಾಸನೆ ಏನೂ ಬಂದಿಲ್ಲ ಕಣಪ್ಪ. ಗಟ್ಟಿಯಾಗಿ ಉಂಡೆ ಕಟ್ಟಿ ಸುಟ್ಟು ಕೊಟ್ಬಿಡು. ದೊರೆಗಳಿಗೆ ಏನ್ ಗೊತ್ತಾಗ್ತದೆ?"

ಭಾಯ್ ತಲೆಯಾಡಿಸಿದ. "ವಾಸನೆ ಬಂದ ಮೇಲೆ ಯಾರು ಬೇಕಾದ್ರೂ ಹೇಳ್ತಾರೆ ತಾತಾ. ಬರೋಕೆ ಮುಂಚೆ ಹೇಳೋದೇ ಅಡುಗೆಯವನ ಕೆಲಸ. ಕೈಮಾ ಯಾವಾಗ ಕರಗಿತೋ, ಎಷ್ಟು ಹೊತ್ತು ಬಿಸಿಲಿಗೆ ಇತ್ತೋ ನಂಗೆ ಗೊತ್ತಿಲ್ಲ."

ಆಗ ನನ್ನ ಕಡೆ ತಿರುಗಿದ. "ಮುನ್ನಿ, ಮುಚ್ಚಳ ತೆಗೆದಿದ್ಯಾ?"

"ಇಲ್ಲ ಭಾಯ್."

ಅಷ್ಟೇ. ಎರಡನೇ ಸಲ ಕೇಳಲಿಲ್ಲ. "ಹಾಗಾದ್ರೆ ನಾನೇ ಸರಿಯಾಗಿ ಕಟ್ಟಲಿಲ್ಲ" ಅಂದು ಗುಂಡಿ ತೋಡಿ ಎಲ್ಲವನ್ನೂ ಹೂತ. ಬನ್ನುಗಳ ನಡುವೆ ಮೊಟ್ಟೆ ಹುರಿದಿಟ್ಟು, ತಾನೇ ಒಯ್ದು, ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ತಪ್ಪು ತನ್ನದೇ ಎಂದ. ದೊಡ್ಡ ದೊರೆ ಮೊಟ್ಟೆಯನ್ನು ಚೆನ್ನಾಗಿಯೇ ತಿಂದನಂತೆ. ಆದರೆ ಐಸಿನ ಪೆಟ್ಟಿಗೆ ಕಟ್ಟಲು ಬಾರದವನಿಗೆ ಮೆಸ್ಸಿನ ಉಗ್ರಾಣ ಹೇಗೆ ಒಪ್ಪಿಸುವುದು ಎಂದು ಬೇರೊಬ್ಬನನ್ನು ಕರೆದೊಯ್ದ.

ಭಾಯ್ ಕೆಟ್ಟು ಹೋಗಲಿಲ್ಲ. ಬಸ್ಸು ನಿಲ್ಲುವ ಕಡೆ ಕಬಾಬಿನ ಅಂಗಡಿ ಇಟ್ಟ, ಮದುವೆಯಾದ, ಮಕ್ಕಳನ್ನು ಓದಿಸಿದ. ಅವನಿಗೆ ಹೋದದ್ದು ಇನ್ನೊಂದು. ತಾನು ಕಟ್ಟಿದ ಗಂಟಿನ ಮೇಲೆ ಅವನಿಗೆ ನಂಬಿಕೆಯೇ ಹೋಯಿತು. ಬುತ್ತಿಯ ಡಬ್ಬಿಗೆ ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ಹುರಿಯಿಂದ ಕಟ್ಟುತ್ತಿದ್ದ. ಊಟದ ಹೊತ್ತಿಗೆ ಬಿಚ್ಚಲು ಶುರುಮಾಡಿದರೆ ಹಸಿವು ಆರಿಹೋಗಿರುತ್ತಿತ್ತು. ಮದುವೆಯ ದಿನ ರುಮಾಲನ್ನು ನಾಲ್ಕು ಜನರಿಂದ ಕಟ್ಟಿಸಿಕೊಂಡು, ಕತ್ತು ತಿರುಗಿಸಲಾರದೆ ಖಾಜಿಯವರ ಕಡೆ ಇಡೀ ಮೈ ತಿರುಗಿಸುತ್ತ ಕೂತಿದ್ದ. ಮಗು ಹುಟ್ಟಿದಾಗ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟು, "ನೀನೊಂದ್ಸಲ ನೋಡು ಮುನ್ನಿ, ನಿನ್ನ ಕೈ ಗಟ್ಟಿ" ಅಂದಿದ್ದ. ಹೌದು ಸ್ವಾಮಿ, ಊರಲ್ಲಿ ಬೇರೆ ಯಾರೂ ಸಿಗದೆ, ಗಂಟು ಪರೀಕ್ಷೆಗೆ ಅವನು ಆರಿಸಿಕೊಂಡದ್ದು ನನ್ನನ್ನೇ. ನಾನೂ ದೊಡ್ಡ ತಜ್ಞಳ ಹಾಗೆ ಎಳೆದು ನೋಡಿ, "ಸರಿಯಾಗಿದೆ ಭಾಯ್" ಅನ್ನುತ್ತಿದ್ದೆ.

ಹೇಳಬಹುದಿತ್ತಲ್ಲ ಅನ್ನುತ್ತೀರಿ. ಮೊದಮೊದಲು ಬೈಗುಳದ ಹೆದರಿಕೆ. ಆಮೇಲೆ ನಾಚಿಕೆ. ಅದಾದ ಮೇಲೆ ಬೇರೆಯೇ ಒಂದು ತೊಂದರೆ. ಭಾಯ್ ಆ ಕತೆಯನ್ನು ತಾನೇ ಎಲ್ಲರಿಗೂ ಹೇಳಿ ನಗಿಸಲು ಶುರುಮಾಡಿದ್ದ. ಬೀಗರು ಬಂದರೆ ಅದೇ ಕತೆ, ಹಬ್ಬಕ್ಕೂ ಅದೇ ಕತೆ. ಅಷ್ಟು ಚೆನ್ನಾಗಿ ಓಡುತ್ತಿದ್ದ ಕತೆಗೆ ಅಡ್ಡ ಬರುವುದು ಹೇಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಐಸಿನಲ್ಲಿ ಪಾಲು ಪಡೆದಿದ್ದ ಅಮ್ಮಿಯಾಗಲಿ ಬೀದಿಯವರಾಗಲಿ ಭಾಯ್ ಮುಂದೆ ಬಾಯಿಬಿಡಲಿಲ್ಲ. ಖಾಲಾ ಹೋದಳು, ಅಮ್ಮಿ ಹೋದಳು, ಗೌರಮ್ಮ ಹೋದಳು. ಸಾಕ್ಷಿಗಳು ಒಬ್ಬೊಬ್ಬರೇ ಕಡಿಮೆಯಾದ ಹಾಗೆ ನಿಶ್ಚಿಂತೆ ಆಗಬೇಕಿತ್ತು. ಆಗಲಿಲ್ಲ.

ಭಾನುವಾರ ತಾರಸಿಯ ಮೇಲೆ ನಸ್ರೀನ್ ಬಿಲ್ಲೆಗಳನ್ನು ಮೆತ್ತನೆ ಕಾವಿಗೆ ಸರಿಸಿ ಮುಚ್ಚಿದಳು. ಭಾಯ್ ಒಂದನ್ನು ಮುರಿಸಿ ನೋಡಿ, "ಇನ್ನೂ ಸ್ವಲ್ಪ, ನಡುವೆ ಕೆಂಪಿದೆ" ಅಂದ. ಬೇರೆ ತಟ್ಟೆ ತರಿಸಿದ. ಕಾಯುವಾಗ ಅವಳು ಉಳಿದ ಪಾಕೀಟನ್ನು ಐಸಿನ ಡಬ್ಬಿಗೆ ಹಾಕಿ, "ನೀವೇ ಮುಚ್ಚಿ ದಾದಾ" ಎಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ನಾನು ಬೇಡಮ್ಮಾ. ನಂಗೆ ಅದು ಬರಲ್ಲ. ಒಂದ್ಸಲ ಏನಾಯ್ತು ಗೊತ್ತಾ, ದಂಡಿಂದ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಬಂದೆ..." ಕತೆ ಶುರುವಾಯಿತು. ಬೆರಳು ಒಳಗೆ ಹೋದದ್ದು, ಬಿಲ್ಲೆ ಜಾರಿದ್ದು, ಹುಬ್ಬು ಸುಟ್ಟದ್ದು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ದಾದಾ, ಒಂದು ಪೆಟ್ಟಿಗೆ ಕಟ್ಟೋಕೂ ಬರ್ತಿರಲಿಲ್ವಾ ನಿಮಗೆ?"

ಅವನೂ ನಕ್ಕ. ನಗುತ್ತಲೇ ತನ್ನ ಎರಡು ಅಂಗೈಗಳನ್ನು ಮಗ್ಗುಲು ಬದಲಿಸಿ ನೋಡಿಕೊಂಡ, ಇನ್ನೂ ಅವುಗಳಲ್ಲಿ ಏನೋ ಊನ ಹುಡುಕುವವನಂತೆ.

ನಾನು ಕುರ್ಚಿಯನ್ನು ಅವನ ಕಿವಿಯ ಹತ್ತಿರಕ್ಕೆ ಎಳೆದೆ. ಅವನಿಗೆ ಕಿವಿ ಮಂದ, ಹಾಗಾಗಿ ಗುಟ್ಟಾಗಿ ಹೇಳುವ ಅನುಕೂಲವೂ ನನಗಿರಲಿಲ್ಲ. ಪಕ್ಕದ ತಾರಸಿಯವರಿಗೂ ಕೇಳುವ ಹಾಗೆ ಕೂಗಿಯೇ ಹೇಳಿದೆ:

"ಭಾಯ್, ನೀನು ಕಟ್ಟಿದ್ದು ಸರಿಯಾಗೇ ಇತ್ತು. ಬಿಚ್ಚಿದ್ದು ನಾನು. ಐಸನ್ನ ಬೀದಿಗೆಲ್ಲ ಹಂಚಿದ್ದು ನಾನು. ಕೇಳಿದಾಗ ಸುಳ್ಳು ಹೇಳ್ದೆ. ತಪ್ಪಾಯ್ತು ಭಾಯ್, ನನ್ನ ಮಾಫ್ ಮಾಡು."