ಕಲ್ಕತ್ತೆಯಲ್ಲಿ ವರ್ಷದಾಳು

ಹೌರಾ ಸ್ಟೇಷನ್ನಿನಲ್ಲಿ ಇಳಿದ ದಿನವೇ, ಸಂಜೆ ನಾಲ್ಕರ ಹೊತ್ತಿಗೆ, ಕಲ್ಕತ್ತೆಯ ಒಂದು ಬೀದಿಯಲ್ಲಿ ಜನ ಸೇರಿ ಒಬ್ಬ ಮನುಷ್ಯನನ್ನು ಸುಡುತ್ತಿದ್ದುದನ್ನು ಕಂಡೆ. ಹುಲ್ಲಿನ ಮನುಷ್ಯ. ಬಿದಿರಿನ ಕೈಕಾಲು, ಮೇಲೊಂದು ಹಳೆಯ ಷರಟು, ಕೊರಳಲ್ಲಿ ಸೀಟಿ. ನಮ್ಮ ಕಡೆ ಕಾಮನನ್ನು ಸುಡುವ ಹಾಗೆ ಇದೂ ಏನೋ ಹಬ್ಬವಿರಬೇಕು ಅಂದುಕೊಂಡೆ. ನನ್ನನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬಂದಿದ್ದ ನೃಪೇನ್‌ದಾ ಪಕ್ಕದಲ್ಲೇ ನಿಂತಿದ್ದರು. ಸೈನ್ಯದ ಪಟಾಲಮ್ಮಿನಲ್ಲಿ ಕಲಿತಿದ್ದ ಹಿಂದಿಯಲ್ಲಿ ಕೇಳಿದೆ: "ಯಾರದು?"

"ನಾನು," ಅಂದರು. "ನಿನ್ನೆ ನಮ್ಮ ತಂಡ ಸೋತಿತು. ಬಾ, ಟ್ರಾಮು ಹೋಗಿಬಿಡುತ್ತೆ."

ಸುಡುತ್ತಿದ್ದವರಲ್ಲಿ ನಾಲ್ಕೈದು ಜನ ಅವರ ಗುರುತು ಹಿಡಿದು ನಮಸ್ಕಾರವನ್ನೂ ಮಾಡಿದರು. ಅವರೂ ಕೈ ಮುಗಿದರು.

ನಾನು ಕಂಪಲಾಪುರದವನು. ಹುಣಸೂರು ದಾಟಿ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಬಸ್ಸು ಎರಡು ನಿಮಿಷ ನಿಲ್ಲುವ ಊರು. ಬೆಂಗಳೂರಿನ ಪಟಾಲಮ್ಮಿನಲ್ಲಿ ಫುಟ್ಬಾಲು ಕಲಿತೆ, ಅಲ್ಲೇ ಮಂಡಿ ಮುರಿದುಕೊಂಡೆ. ಆಡಲಾಗದಿದ್ದರೂ ಆಡಿಸುವ ಕಣ್ಣು ನನಗಿದೆ ಎಂದು ನಂಬಿದ ಒಬ್ಬ ಬಂಗಾಳಿ ಸುಬೇದಾರರು, ತಮ್ಮ ಸ್ನೇಹಿತ ನೃಪೇನ್‌ದಾ ಅವರಿಗೆ ಕಾಗದ ಬರೆದರು. ನೃಪೇನ್‌ದಾ ಅಲ್ಲಿನ ಒಂದು ಕ್ಲಬ್ಬಿನ ಕೋಚು, ಅಂದರೆ ಆಟಗಾರರಿಗೆಲ್ಲ ಗುರು. ನಾನು ಅವರ ಕೈಕೆಳಗಿನವನು. 'ದಾ' ಅಂದರೆ ಅಣ್ಣ.

ಮನೆ ಹುಡುಕುವ ಕಷ್ಟ ನನಗಾಗಲಿಲ್ಲ. ಅವರ ಮನೆಯ ತಾರಸಿಯ ಮೇಲೆ ಒಂದು ಕೋಣೆಯಿತ್ತು. ನಮ್ಮೂರಿನ ಮನೆಯಲ್ಲಿ ದನಕ್ಕೆ ಬಿಟ್ಟ ಜಾಗದಷ್ಟೇ. ಕಿಟಕಿ ತೆಗೆದರೆ ಎದುರು ಮನೆಯವರ ಗೋಡೆ ಕೈಗೆ ಸಿಗುತ್ತಿತ್ತು. ಅವರ ಹೆಂಡತಿಯನ್ನು ನಾನು ಬೌದಿ ಎಂದು ಕರೆಯುತ್ತಿದ್ದೆ, ಅತ್ತಿಗೆ ಎಂದು ಅರ್ಥ. ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದಾಗ ಆಕೆ ಬಹಳ ಹೊತ್ತು ನನ್ನ ಎದೆಯ ಮೇಲಿನ ಶಿವದಾರವನ್ನೇ ನೋಡಿದರು. ಮಾರನೆಯ ದಿನ ನನಗೆಂದೇ ಬೇರೆ ಬಾಣಲೆ ತಂದರು. ಶಿವಲಿಂಗಪ್ಪ ಎನ್ನುವ ಹೆಸರು ಅವರ ನಾಲಿಗೆಯಲ್ಲಿ ತಿರುಗಲಿಲ್ಲ. ನಾನು ಶಿಬು ಆದೆ.

ಅಲ್ಲಿಯ ಊಟ ಅನ್ನವೇ ಆದರೂ ನಮ್ಮ ಅನ್ನವಲ್ಲ. ಎಲ್ಲಕ್ಕೂ ಸಾಸಿವೆ ಎಣ್ಣೆ. ಮುದ್ದೆಯಿಲ್ಲದೆ ಹೊಟ್ಟೆಗೆ ಏನೂ ಬೀಳಲಿಲ್ಲವೆಂದು ತಿಂಗಳುಗಟ್ಟಲೆ ಅನ್ನಿಸುತ್ತಿತ್ತು. ಆಮೇಲೆ ಅದೂ ಅನ್ನಿಸಲಿಲ್ಲ. ಭಾಷೆ ಬಂದದ್ದೂ ಹಾಗೆಯೇ. ಒಂದು ದಿನ ಮೈದಾನದಲ್ಲಿ ಎಡಗಡೆಯ ಆಟಗಾರನನ್ನು ಬಂಗಾಳಿಯಲ್ಲಿ ಗದರಿದೆ. ಅವನು ತಪ್ಪು ತಿದ್ದಿಕೊಂಡ. ಯಾರೂ ನಗಲಿಲ್ಲ. ಮನೆಗೆ ಬಂದು ಬೌದಿಗೆ ಹೇಳಿದರೆ ಆಕೆ ಒಂದು ಸಂದೇಶ್ ಹೆಚ್ಚಿಗೆ ಕೊಟ್ಟರು. ಸಂದೇಶ್ ಅಂದರೆ ಸುದ್ದಿಯಲ್ಲ, ಒಡೆದ ಹಾಲಿನ ಸಿಹಿ.

ಆಟ ಶುರುವಾಗುವುದು ಬೇಸಿಗೆಯಲ್ಲಿ. ಅದಕ್ಕೆ ಮುಂಚೆ ಚೈತ್ರ ಮಾಸ. ನಮಗೆ ಚೈತ್ರ ವರ್ಷದ ಮೊದಲ ತಿಂಗಳು, ಬಂಗಾಳಿಗಳಿಗೆ ಕಡೆಯದು. ಆ ತಿಂಗಳಲ್ಲಿ ಆಟಗಾರರು ಸಹಿ ಹಾಕಿ ಈ ಕ್ಲಬ್ಬಿನಿಂದ ಆ ಕ್ಲಬ್ಬಿಗೆ ಹೋಗುತ್ತಾರೆ. ನಮ್ಮ ಕ್ಲಬ್ಬಿನಲ್ಲಿ ಕೋಚಿಗೆ ಸಹಿಯೂ ಇರಲಿಲ್ಲ, ಕಾಗದವೂ ಇರಲಿಲ್ಲ. ಮೈದಾನದ ಅಂಚಿನಲ್ಲಿದ್ದ ಕ್ಲಬ್ಬಿನ ಡೇರೆಯೊಳಗೆ ಕಮಿಟಿಯವರು ಚಹಾ ಕುಡಿಯುತ್ತ ಕೂರುತ್ತಾರೆ. ಕೋಚನ್ನು ಒಳಗೆ ಕರೆದರೆ ಇನ್ನೊಂದು ವರ್ಷ, ಕರೆಯದಿದ್ದರೆ ಇಲ್ಲ. ಚೈತ್ರ ಹತ್ತಿರ ಬಂದಂತೆ ನೃಪೇನ್‌ದಾ ಊಟದ ಮಧ್ಯೆ ಕೈ ನಿಲ್ಲಿಸಿ ಕೂತುಬಿಡುತ್ತಿದ್ದರು. ಬೌದಿ ಆ ತಿಂಗಳು ಮನೆಗೆ ಹೊಸದೇನನ್ನೂ ತರುತ್ತಿರಲಿಲ್ಲ, ಒಂದು ಮಣ್ಣಿನ ಕುಂಡವನ್ನೂ.

ಮೊದಲ ಚೈತ್ರ ಅವರನ್ನು ಕರೆದರು. ಎರಡನೆಯದಕ್ಕೆ ಮುಂಚೆ, ಚಳಿಗಾಲದಲ್ಲಿ, ನಾನು ಊರಿಗೆ ಹೋಗಿದ್ದೆ. ಅಪ್ಪ ಜಗಲಿಯ ಮೇಲೆ ಹೊಗೆಸೊಪ್ಪಿನ ಕಂತೆ ಕಟ್ಟುತ್ತಿದ್ದ. ನನ್ನ ಕೆಲಸ ಎಂಥದೆಂದು ವಿವರಿಸಿದೆ.

"ಯುಗಾದಿಗೆ ಕೇಳ್ತಾರಾ, ಇರ್ತೀಯೋ ಓಯ್ತೀಯೋ ಅಂತ?" ಎಂದು ಅಪ್ಪ ಕೇಳಿದ.

"ಹೆಚ್ಚು ಕಮ್ಮಿ ಅದೇ ಹೊತ್ಗೆ. ನಮ್ಮನ್ ಕೇಳಲ್ಲ. ಅವ್ರೇ ಹೇಳ್ತಾರೆ."

"ಅಂಗಾದ್ರೆ ನೀನು ವರ್ಸದಾಳು ಕಣ್ಲಾ," ಅಂದ. ಬೈದದ್ದಲ್ಲ, ಅರ್ಥ ಮಾಡಿಕೊಂಡದ್ದು. ನಮ್ಮ ಮನೆಯಲ್ಲೂ ವರ್ಷದಾಳು ಇದ್ದ. ಯುಗಾದಿಯ ಮಾರನೆಯ ದಿನ ಅಪ್ಪ ಎಲೆ ಅಡಿಕೆ ಕೊಟ್ಟರೆ ಅವನು ಉಳಿಯುತ್ತಿದ್ದ. ಒಂದು ವರ್ಷ ಕೊಡಲಿಲ್ಲ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಅವನ ಜಾಗಕ್ಕೆ ಬಂದವನು ಅವನದೇ ತಮ್ಮ. ಆಗ ಅದು ನಮಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

ಎರಡನೆಯ ಚೈತ್ರದಲ್ಲಿ ಕ್ಲಬ್ಬಿನ ಕಾರ್ಯದರ್ಶಿ ನನ್ನೊಬ್ಬನನ್ನೇ ಡೇರೆಯೊಳಗೆ ಕರೆದರು. ನೃಪೇನ್‌ದಾ ಹೊರಗೆ ಆಟಗಾರರನ್ನು ಓಡಿಸುತ್ತಿದ್ದರು. ಅವರ ಸೀಟಿ ಬಟ್ಟೆಯ ಗೋಡೆ ದಾಟಿ ಕೇಳಿಸುತ್ತಿತ್ತು.

"ಈ ವರ್ಷ ತಂಡ ನಿಮ್ಮದು," ಅಂದರು ಕಾರ್ಯದರ್ಶಿ. "ಅವರಿಗೆ ವಯಸ್ಸಾಯಿತು. ನಾಳೆ ಉತ್ತರ ಹೇಳಿ."

ಖುಷಿಯಾಯಿತೇ, ಹೆದರಿಕೆಯಾಯಿತೇ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಎರಡೂ ಆಗಲಿಲ್ಲ. ಮುರಿದ ಮಂಡಿಗೆ ಮದ್ದು ಚುಚ್ಚಿದಾಗ ಕಾಲು ಇದೆ ಎನ್ನುವುದೇ ಮರೆತುಹೋಗಿತ್ತು. ಹಾಗೆ. ಹೊರಗೆ ಬಂದು ಚೆಂಡುಗಳನ್ನು ಬಲೆಗೆ ತುಂಬಿದೆ.

ಮನೆಯಲ್ಲಿ ಬೌದಿ ಬಡಿಸಿದರು. ನಾನು ಬಾಯಿ ಬಿಡುವ ಮುಂಚೆಯೇ ನೃಪೇನ್‌ದಾ ಹೇಳಿದರು: "ಮೈದಾನದ ಮಾಲಿ ಎಲ್ಲ ಹೇಳಿದ. ನೀನು ಏನಂದೆ?"

"ಏನೂ ಅನ್ನಲಿಲ್ಲ. ನಾಳೆ ಬೇಡ ಅನ್ನುತ್ತೇನೆ."

"ನೀನು ಬೇಡ ಅಂದರೆ ನನ್ನನ್ನು ಉಳಿಸಿಕೊಳ್ಳುತ್ತಾರಾ?"

ನಾನು ತಟ್ಟೆಯ ಅಂಚಿಗೆ ಅನ್ನ ಸರಿಸಿದೆ.

"ಇಲ್ಲ," ಎಂದು ಅವರೇ ಹೇಳಿದರು. "ಯಾರನ್ನೋ ತರುತ್ತಾರೆ. ಅವನು ಗೋಲು ಕಾಯುವ ನಮ್ಮ ಹುಡುಗನನ್ನು ಓಡಿಸಿಬಿಡುತ್ತಾನೆ. ನೀನು ಓಡಿಸುವುದಿಲ್ಲ. ಒಪ್ಪಿಕೊ. ನಾನೂ ಹೀಗೇ ಒಬ್ಬರ ಜಾಗಕ್ಕೆ ಬಂದವನು. ಅನ್ನ ಆರುತ್ತಿದೆ, ಉಣ್ಣು."

ಒಪ್ಪಿಕೊಂಡೆ.

ಬಂಗಾಳಿಯಲ್ಲಿ ನೀನು ಎನ್ನಲು ಎರಡು ಮಾತಿವೆ. 'ತುಯಿ' ಎಂದರೆ ನಮ್ಮ 'ಕಣ್ಲಾ' ಇದ್ದಹಾಗೆ, 'ತುಮಿ' ಅದಕ್ಕಿಂತ ಮೆತ್ತಗೆ. 'ಆಪನಿ' ಅಂದರೆ ನೀವು. ನೃಪೇನ್‌ದಾ ನನ್ನನ್ನು ಕಡೆಯವರೆಗೂ ತುಯಿ ಅಂದರು. ಬೌದಿ ಎರಡು ವರ್ಷ ತುಮಿ ಅಂದವರು ಮಾರನೆಯ ಬೆಳಿಗ್ಗೆ ಚಹಾದ ಲೋಟ ಇಟ್ಟು, "ಆಪನಿ ಇವತ್ತು ಮಧ್ಯಾಹ್ನ ಊಟಕ್ಕೆ ಬರುತ್ತೀರಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಬಾಣಲೆ ಬೇರೆಯಾಗಿಯೇ ಇತ್ತು, ಪಲ್ಯದ ರುಚಿಯೂ ಕೆಟ್ಟಿರಲಿಲ್ಲ. ನಮ್ಮ ಕಡೆ ಅತ್ತಿಗೆಗೆ ಮುನಿಸು ಬಂದರೆ ಪಾತ್ರೆ ಸದ್ದು ಮಾಡುತ್ತೆ, ಮಾತು ಬರುತ್ತೆ, ಸಂಜೆಗೆ ಮುಗಿಯುತ್ತೆ. ಇದು ಮುಗಿಯುವಂಥದಲ್ಲ ಎಂದು ಗೊತ್ತಾಯಿತು. ಹದಿನೈದು ದಿನಕ್ಕೆ ಬೇರೆ ಕೋಣೆ ಹಿಡಿದೆ. ಹೊರಡುವಾಗ ಆಕೆಯ ಕಾಲು ಮುಟ್ಟಿದೆ. "ಆರೋಗ್ಯ ನೋಡಿಕೊಳ್ಳಿ," ಅಂದರು.

ಆಷಾಢದಲ್ಲಿ ನೃಪೇನ್‌ದಾಗೆ ಅಸ್ಸಾಮಿನ ಒಂದು ಊರಿನ ತಂಡದಲ್ಲಿ ಕೆಲಸ ಸಿಕ್ಕಿತು. ರೈಲು ಹತ್ತಿಸಲು ಹೋದೆ. ಬೌದಿ ಕಿಟಕಿಯ ಆಚೆ ಬದಿ ನೋಡುತ್ತಿದ್ದರು.

"ತಂಡ ಹೇಗಿದೆ?" ಎಂದು ನೃಪೇನ್‌ದಾ ಕೇಳಿದರು.

"ಗೆಲ್ಲುತ್ತಿದೆ."

"ಗೆದ್ದ ವರ್ಷವೇ ಹೆಚ್ಚು ಹುಷಾರಾಗಿರು. ಮುಂದಿನ ವರ್ಷವೂ ಅಷ್ಟೇ ಬೇಕೆನ್ನುತ್ತಾರೆ." ರೈಲು ಹೊರಟಿತು. ನಾನು ಟ್ರಾಮು ಹಿಡಿದು ಅಭ್ಯಾಸದ ಹೊತ್ತಿಗೆ ಸರಿಯಾಗಿ ಮೈದಾನ ಸೇರಿದೆ. ಆ ವರ್ಷ ನಾವು ಮೂರನೆಯ ಸ್ಥಾನಕ್ಕೆ ಬಂದೆವು. ಕ್ಲಬ್ಬಿಗೆ ಅಂಥದ್ದು ಹಿಂದೆ ಆಗಿರಲಿಲ್ಲ. ಜನ ನನ್ನನ್ನು ಹೊತ್ತುಕೊಂಡರು. ಮೇಲಿಂದ ಅವರ ತಲೆಗಳನ್ನು ನೋಡುತ್ತ, ಯಾವಾಗ ಇಳಿಸುತ್ತಾರೋ ಎಂದು ಕಾದೆ.

ಈ ಚಳಿಗಾಲ ಮತ್ತೆ ಊರಿಗೆ ಹೋದೆ. ಕಲ್ಕತ್ತೆಯಲ್ಲಿ ಬೆಳಿಗ್ಗೆ ಎದ್ದರೆ ಹುಣಸೂರಿನ ಬಸ್ಸಿನ ಧೂಳು ನೆನಪಾಗುತ್ತದೆ. ಹುಣಸೂರಿನಲ್ಲಿ ಕಾಲಿಟ್ಟ ಕೂಡಲೇ, ಈಗ ಮೈದಾನದಲ್ಲಿ ಹುಲ್ಲಿಗೆ ನೀರು ಹಾಕಿದರೋ ಇಲ್ಲವೋ ಎನ್ನುವ ಯೋಚನೆ. ಚಹಾದಂಗಡಿಯವನಿಗೆ ಸಕ್ಕರೆ ಕಮ್ಮಿ ಎಂದು ಬಂಗಾಳಿಯಲ್ಲಿ ಹೇಳಿದೆ. ಇವನು ಯಾವ ದೇಶದವನೋ ಎಂಬಂತೆ ಅವನು ನನ್ನನ್ನು ನೋಡಿದ.

ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಮುದುಕಿ ಕೂತಳು. ಮಡಿಲಲ್ಲಿ ಅವರೆಕಾಯಿಯ ಗಂಟು. ನನ್ನ ಬೂಟು, ಷರಟು ನೋಡಿ ಕೇಳಿದಳು: "ಎಲ್ಲಿಗ್ ಓಯ್ತೀರಿ ಸೋಮಿ?"

"ಕಂಪಲಾಪುರಕ್ಕೆ."

"ಯಾರ ಮನೆಗೆ ನೆಂಟ್ರು?"

"ಮಲ್ಲಪ್ಪನವರ ಮನೆಗೆ," ಎಂದು ಅಪ್ಪನ ಹೆಸರು ಹೇಳಿದೆ.

"ಒಳ್ಳೆ ಜನ ಕಣ್ರೀ. ಅವ್ರ ದೊಡ್ಡ ಮಗ ಎಲ್ಲೋ ಕಲ್ಕತ್ತೇಲಿ ಅವ್ನಂತೆ. ನೀವ್ ಕಂಡಿದ್ದೀರಾ?"

"ಕಂಡಿದ್ದೀನಿ."

"ಚೆಂದಾಗವ್ನಾ?"

"ಚೆನ್ನಾಗವ್ನೆ. ಈ ವರ್ಷ ಕೆಲಸ ಇತ್ತು."

"ಬರೋ ವರ್ಸ?"

"ಅದು ಅವನಿಗೂ ಗೊತ್ತಿಲ್ಲ ಕಣವ್ವ."

"ಅಂಗಾದ್ರೆ ಊರಿಗ್ ಬಂದ್ಬುಡು ಅಂತ ಯೋಳಿ ಅವ್ನಿಗೆ," ಅಂದಳು. ಹೇಳುತ್ತೇನೆ ಅಂದೆ. ಕಂಡಕ್ಟರು ಕಂಪಲಾಪುರ ಎಂದು ಕೂಗಿದ. ನನ್ನ ಪೆಟ್ಟಿಗೆ ಎತ್ತಿಕೊಂಡು, ನೆಂಟನ ಹಾಗೆ, ಇಳಿದೆ.