ಫುಪ್ಪಿ ಮಾಡಿದ ಪ್ರಾಜೆಕ್ಟು

ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಪುಲಿಕೇಶಿನಗರದ ನಮ್ಮ ಹೆಂಚಿನ ಮನೆ ನೆನಪಾಗುತ್ತದೆ. ಮಾಸ್ಕ್ ರೋಡಿನ ಹಿಂದಿನ ಗಲ್ಲಿಯಲ್ಲಿತ್ತು. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಅಬ್ಬಾನ ತಂಗಿ ಶಮೀಮ್ ಫುಪ್ಪಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಆ ಅಂಟಿನಿಂದ ನನ್ನ ಶಾಲೆಯ ಚಾರ್ಟುಗಳನ್ನು ಅಂಟಿಸುತ್ತಿದ್ದಳು. ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾಗಿದ್ದವಳು. ಪ್ರಶ್ನೆಪತ್ರಿಕೆ ಕೈಗೆ ಬಂದರೆ ಅಕ್ಷರಗಳೇ ಕಾಣುವುದಿಲ್ಲ ಎನ್ನುತ್ತಿದ್ದಳು. ಆದರೆ ದಾಸವಾಳದ ಎಲೆ ಯಾಕೆ ಸುರುಳಿಯಾಯಿತು, ಹಾಲು ಯಾಕೆ ಒಡೆಯಿತು ಎಂಬುದನ್ನೆಲ್ಲ ನೋಡಿ ನೋಡಿಯೇ ತಿಳಿದುಕೊಂಡಿದ್ದಳು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಕಾಳು ಮೊಳೆಯುವ ಬಗ್ಗೆ ಪ್ರಾಜೆಕ್ಟು ಕೊಟ್ಟರು. ಫುಪ್ಪಿಯೇ ಎರಡು ಡಬ್ಬಿಗಳಲ್ಲಿ ಹುರುಳಿ ಬಿತ್ತಿ, ಒಂದನ್ನು ಬಿಸಿಲಲ್ಲೂ ಇನ್ನೊಂದನ್ನು ಮಂಚದ ಕೆಳಗೂ ಇಟ್ಟು, ದಿನಾ ದಾರ ಹಿಡಿದು ಅಳೆದು ಚಿತ್ರ ಬರೆದಳು. ನಾನು ಮೇಲೆ ಹೆಸರು ಬರೆದೆ. ಪ್ರಾಜೆಕ್ಟಿಗೆ ಪೂರ್ತಿ ಅಂಕ ಬಂತು. ಪಾಠ ಉರು ಹೊಡೆದಿದ್ದರಿಂದ ಪರೀಕ್ಷೆಯಲ್ಲೂ ತೊಂಬತ್ತು ದಾಟಿತು. ಒಂದು ಬೆಳಿಗ್ಗೆ ವಿಜ್ಞಾನದ ಸ್ಟೆಲ್ಲಾ ಮಿಸ್ ನನ್ನ ಫೈಲು ತೆರೆದಿಟ್ಟು, "ಕತ್ಲಲ್ಲಿಟ್ಟ ಗಿಡಾನೇ ಉದ್ದ ಆಗಿದೆಯಲ್ಲ, ಯಾಕೆ?" ಎಂದರು. ನಾನು ಪುಟ ತಿರುವಿ ಫುಪ್ಪಿ ಬರೆದ ಚಿತ್ರಗಳಲ್ಲಿ ಉತ್ತರ ಹುಡುಕಿದೆ. "ಮಾಡಿದವ್ರನ್ನ ನಾಳೆ ಕರ್ಕೊಂಡ್ ಬಾ" ಎಂದಷ್ಟೇ ಹೇಳಿದರು.

ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಫುಪ್ಪಿ ಬಂದಳು. ಮಿಸ್ ಕುರ್ಚಿ ಕೊಟ್ಟು ಅದೇ ಪ್ರಶ್ನೆ ಕೇಳಿದರು. "ಬೆಳಕು ಹುಡುಕ್ಕೊಂಡು ಹೋಗುತ್ತೆ ಮಿಸ್. ಇರೋ ಬಲಾನೆಲ್ಲ ಉದ್ದ ಆಗೋಕೇ ಹಾಕುತ್ತೆ. ಮುಟ್ಟಿದ್ರೆ ಬಿದ್ದೋಗುತ್ತೆ." ಮಿಸ್ ಕೇಳುತ್ತ ಹೋದರು, ಫುಪ್ಪಿ ಹೇಳುತ್ತ ಹೋದಳು, ಎರಡು ಸಲ ಫೇಲಾದದ್ದನ್ನೂ ಹೇಳಿದಳು, ಬೆಲ್ಲು ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ. ಕೊನೆಗೆ ಮಿಸ್ ನನ್ನ ಪ್ರಾಜೆಕ್ಟಿನ ಅಂಕಗಳನ್ನು ಹೊಡೆದುಹಾಕಿ, "ಇವ್ಳು ಮತ್ತೆ ಮಾಡ್ಲಿ. ನೀವು ಮತ್ತೆ ಟೆಂತ್ ಪರೀಕ್ಷೆಗೆ ಕಟ್ಟಿ, ನಾನು ಹೇಳ್ಕೊಡ್ತೀನಿ" ಎಂದರು. ನಾನು ಮತ್ತೆ ಕಾಳು ಬಿತ್ತಿದೆ. ಫುಪ್ಪಿ ಪಕ್ಕದಲ್ಲೇ ಕೂತಿದ್ದಳು, ಕೈ ಹಾಕಲಿಲ್ಲ. "ನೋಡು ಬೇಟಾ, ನಾನು ಹೇಳಲ್ಲ" ಎನ್ನುತ್ತಿದ್ದಳು. ನೀರು ಹೆಚ್ಚಾಗಿ ಕಾಳೆಲ್ಲ ಕೊಳೆತವು, ಮತ್ತೆ ಬಿತ್ತಿದೆ. ನಾನು ಕಲಿತದ್ದು ಆಗ. ಮುಂದಿನ ವರ್ಷ ಫುಪ್ಪಿಯೂ ಪಾಸಾದಳು. ವಿಜ್ಞಾನದಲ್ಲಿ ಮೂವತ್ತೇಳು.

ಈಗ ಕೃಷ್ಣರಾಜಪುರದ ಶಾಲೆಯೊಂದರಲ್ಲಿ ನಾನೇ ವಿಜ್ಞಾನ ಕಲಿಸುತ್ತೇನೆ. ಪರೀಕ್ಷೆ ಮೇಲೋ ಪ್ರಾಜೆಕ್ಟು ಮೇಲೋ ಎಂದು ಸ್ಟಾಫ್ ರೂಮಿನಲ್ಲಿ ವಾದ ಎದ್ದಾಗ ನನಗೆ ಅನುಮಾನವೇ ಇಲ್ಲ. ಉರು ಹೊಡೆದು ಅಂಕ ಪಡೆದವಳೂ ನಾನೇ, ಇನ್ನೊಬ್ಬರ ಕೆಲಸಕ್ಕೆ ಹೆಸರು ಬರೆದವಳೂ ನಾನೇ. ಪ್ರಾಜೆಕ್ಟನ್ನು ಮಗು ತಾನೇ ಮಾಡಲಿ. ಆಮೇಲೆ ಎದುರು ಕೂರಿಸಿಕೊಂಡು ಕೇಳಬೇಕು. ನಲವತ್ತೆಂಟು ಮಕ್ಕಳನ್ನು ಹಾಗೆ ಕೇಳಲು ಹದಿನೈದು ದಿನ ಹಿಡಿಯುತ್ತದೆ. ಹಿಡಿಯಲಿ.

ಫುಪ್ಪಿ ಹೋದ ವರ್ಷ ತೀರಿಕೊಂಡಳು. ಮಾತಾಡಿಸಲು ಬಂದವರೊಬ್ಬರು, "ಎಲ್ಲೀವರ್ಗೂ ಓದಿದ್ರು?" ಎಂದು ಕೇಳಿದರು. "ಟೆಂತು" ಎಂದರು ಅಬ್ಬಾ. ನನಗೆ ಹೇಳುವುದು ಬಹಳ ಇತ್ತು. ಬಂದವರು ಆಗಲೇ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು.